ಸಿಟ್ಟಿನ ಕೈಯ ಅಚ್ಚು

“ಬುದ್ಧೀ, ನೀವು ಕೊಟ್ಟ ಮಂತ್ರ ನೆಮ್ಮದಿಯಾಗಿದ್ದಾಗ ಸಲೀಸಾಗಿ ನಾಲಿಗೆಗೆ ಬರುತ್ತದೆ. ಸಿಟ್ಟು ಬಂದಾಗ ಮಾತ್ರ ಎಷ್ಟು ಕರೆದರೂ ಕೂರುವುದಿಲ್ಲ. ಬೇಕಾದಾಗಲೇ ಒದಗದಿದ್ದರೆ ಅದನ್ನಿಟ್ಟುಕೊಂಡು ಏನು ಮಾಡಲಿ? ಸಿಟ್ಟಿನ ಹೊತ್ತಿಗೂ ಹೊಂದುವಂಥದ್ದು ಬೇರೊಂದಿದ್ದರೆ ದಯಮಾಡಿ ಕೊಡಬೇಕು.”

ಹೀಗೆ ಕೇಳಿದವನು ಮರುಳಯ್ಯ. ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಗುರುಗಳು ಆಗಷ್ಟೇ ಪೂಜೆ ಮುಗಿಸಿ ಜಗಲಿಗೆ ಬಂದಿದ್ದರು. ಪ್ರಶ್ನೆಯೊಳಗೆ ಒಂದು ದೂರೂ ಇತ್ತು; ಅದು ಅವರಿಗೆ ತಿಳಿಯದೆ ಹೋಗಲಿಲ್ಲ. ಬೇಸರಿಸಲೂ ಇಲ್ಲ. ಕೂರು ಎಂದು ಕೈತೋರಿಸಿ, ಒಬ್ಬ ಬಡಗಿಯ ಕತೆ ಹೇಳಿದರು.

ಕಾಡಂಚಿನ ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ನೇಗಿಲು, ನೊಗ, ಬಾಗಿಲುವಾಡ ಎಲ್ಲವನ್ನೂ ಮಾಡುತ್ತಿದ್ದ. ಆದರೆ ಸುತ್ತಲ ಊರಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಕೋವಿಯ ಹಿಡಿಗಾಗಿ. ಆ ಸೀಮೆಯಲ್ಲಿ ಹಂದಿಯ ಕಾಟ. ರಾಗಿ ತೆನೆಗಟ್ಟಿದ ಮೇಲೆ ಒಂದು ಹಿಂಡು ನುಗ್ಗಿತೆಂದರೆ ವರ್ಷದ ಅನ್ನ ಒಂದೇ ಸಲಕ್ಕೆ ಮಣ್ಣುಪಾಲು. ಹೊಲ ಕಾಯುವವರ ಬಳಿ ಇದ್ದವು ಹಳೆಯ ಕೋವಿಗಳು. ಯಾವ ಕಾಲದಲ್ಲೋ, ಯಾರದೋ ಕೈಗೆಂದು ಮಾಡಿದವು. ಗುದ್ದಲಿ ಹಿಡಿದು ದಪ್ಪಗಾದ ಬೆರಳಿಗೆ ಅವುಗಳ ಸಣ್ಣ ಕುತ್ತಿಗೆ, ಎಂದರೆ ಗುಂಡು ಹೊಡೆಯುವಾಗ ಕೈ ಹಿಡಿಯುವ ಜಾಗ, ನಿಲ್ಲುತ್ತಿರಲಿಲ್ಲ. ಬೆವರಿದ ಕೈ ಜಾರುತ್ತಿತ್ತು. ಹಂದಿಗಿಟ್ಟ ಗುರಿ ಹುಣಸೆಮರಕ್ಕೆ ತಾಗುತ್ತಿತ್ತು.

ಬಡಗಿ ಹೊನ್ನೆ ಮರದಲ್ಲಿ ಎರಡು ಹೋಳು ಕೆತ್ತಿ, ಕೋವಿಯ ಕುತ್ತಿಗೆಗೆ ಎರಡು ಕಡೆಯಿಂದಲೂ ಒತ್ತಿಟ್ಟು, ತೊಗಲ ಬಾರಿನಿಂದ ಬಿಗಿದುಕೊಡುತ್ತಿದ್ದ. ಬೇಡವಾದರೆ ಬಾರು ಬಿಚ್ಚಿ ತೆಗೆಯಬಹುದು. ಒಬ್ಬೊಬ್ಬರ ಹಿಡಿ ಒಂದೊಂದು ಬಗೆ; ಅವರವರ ಕೈಯ ಅಚ್ಚು ಮಣ್ಣಿನಲ್ಲಿ ತೆಗೆದು ಅದರಂತೆ ಕೆತ್ತುತ್ತಿದ್ದ. ಅಚ್ಚಿಗೆ ಹುತ್ತದ ಮಣ್ಣು ತರುತ್ತಿದ್ದ. ತೆಗೆಯುವ ಮೊದಲು ಹುತ್ತಕ್ಕೆ ಕೈಮುಗಿದು ಅಪ್ಪಣೆ ಕೇಳುತ್ತಿದ್ದ. ಹರಳೆಣ್ಣೆ ಹಾಕಿ ನಾದಿ, ಕೋವಿಯ ಕುತ್ತಿಗೆಗೆ ಮೆತ್ತಿ, ಬಂದವನ ಕೈಗೆ ಕೊಡುತ್ತಿದ್ದ. ಆದರೆ ಬಂದ ಕೂಡಲೇ ಕೊಡುತ್ತಿರಲಿಲ್ಲ. ಕೂರಿಸಿ, ಒಂದು ಚೊಂಬು ಮಜ್ಜಿಗೆ ಕೊಟ್ಟು, ಮನೆಮಂದಿಯ ಕ್ಷೇಮ ಕೇಳಿ, ಅವನ ಉಸಿರು ತಗ್ಗಿದ ಮೇಲೆ “ಈಗ ಹಿಡೀರಿ” ಎನ್ನುತ್ತಿದ್ದ. ಅವನ ತಂದೆ ಹಾಗೆ ಹೇಳಿಕೊಟ್ಟಿದ್ದ. ನಡೆದು ಬಂದ ಕೈ ಊದಿರುತ್ತದೆ, ಅದಕ್ಕೇ ಇರಬೇಕು ಎಂದು ಬಡಗಿ ತಿಳಿದಿದ್ದ. ಬೇರೆ ಕಾರಣವನ್ನು ತಂದೆಯೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ಒಂದು ದಿನ ಒಬ್ಬ ರೈತ ಕೋವಿಯನ್ನು ಹೆಗಲಿಗೇರಿಸಿಕೊಂಡು ಬಡಗಿಯ ಕೆಲಸದ ಕೊಟ್ಟಿಗೆಗೆ ಬಂದ. ಹಿಂದಿನ ವರ್ಷ ಹಿಡಿ ಮಾಡಿಸಿಕೊಂಡವನು.

“ಆಚಾರ್ರೇ, ನಿಮ್ಮ ಹಿಡಿ ನಿಮ್ಮ ಕೊಟ್ಟಿಗೆಯಲ್ಲಿ ಮಾತ್ರ ಹೊಂದುತ್ತೆ. ಹಂದಿ ಕಂಡ ಗಳಿಗೆಗೆ ಅದಕ್ಕೂ ನನಗೂ ಗುರುತೇ ಇಲ್ಲ. ಗೆಣ್ಣು ಒತ್ತುತ್ತೆ, ಕಿರುಬೆರಳಿಗೆ ಜಾಗ ಸಿಗಲ್ಲ. ಕೈ ಸರಿಮಾಡಿಕೊಳ್ಳೋ ಹೊತ್ತಿಗೆ ಹಂದಿ ಗುಡ್ಡ ಹತ್ತಿರುತ್ತೆ.”

“ಇನ್ನೂ ಒಂದು ವರ್ಷದ ಹಿಡಿ ಅಲ್ವೇ ಗೌಡ್ರೇ, ನಿಧಾನವಾಗಿ ಹಿಡಿದು ನೋಡಿ” ಎಂದ ಬಡಗಿ.

“ನಿಧಾನಕ್ಕೇನು, ಹಂದೀನೂ ಕೂರಿಸಿ ಒಂದು ಚೊಂಬು ಮಜ್ಜಿಗೆ ಕೊಡ್ತೀನಿ ಬಿಡಿ. ಅದರ ಮನೆಮಂದಿ ಕ್ಷೇಮಾನೂ ಕೇಳ್ತೀನಿ.”

ಒಳಗಿದ್ದ ಬಡಗಿಯ ಹೆಂಡತಿ ನಕ್ಕಳು. ಬಡಗಿಗೆ ನಗು ಬರಲಿಲ್ಲ. ತನ್ನ ಕೆಲಸವನ್ನು ಯಾರೂ ಹಾಗೆ ಆಡಿಕೊಂಡಿದ್ದಿಲ್ಲ. ಅವನು ರೈತನ ಕೈಯನ್ನೇ ನೋಡುತ್ತಾ ಕುಳಿತ. ದೂರು ಹೇಳುತ್ತಾ ಹೇಳುತ್ತಾ ಆ ಕೈ ಬದಲಾಗಿತ್ತು. ಹೆಬ್ಬೆರಳು ಮೇಲೆದ್ದಿತ್ತು, ಅಂಗೈಯ ಗುಳಿ ಮುಚ್ಚಿತ್ತು, ಗೆಣ್ಣುಗಳು ಸಾಲಾಗಿ ಮುಂದೆ ಬಂದಿದ್ದವು. ಆಗ ಅವನಿಗೆ ಹೊಳೆಯಿತು. ಸಮಾಧಾನದ ಕೈ ಬೇರೆ, ಸಿಟ್ಟಿನ ಕೈ ಬೇರೆ. ತಾನು ಇಷ್ಟು ವರ್ಷ ಒಂದೇ ಕೈಗೆ ಹಿಡಿ ಕೆತ್ತಿದ್ದ.

“ಮತ್ತೊಂದು ಮಾಡಿಕೊಡ್ತೀನಿ. ಕೂತ್ಕೊಳ್ಳಿ” ಎಂದ. ಮಜ್ಜಿಗೆ ತರಿಸಲಿಲ್ಲ. ಮಣ್ಣು ಮೆತ್ತಿದ ಕೋವಿಯನ್ನು ನೇರ ರೈತನ ಕೈಗೆ ಕೊಟ್ಟ. ರೈತ ಸುಮ್ಮನೆ ಹಿಡಿದು ಕುಳಿತ. ಕೈ ಆಗಲೇ ತಣ್ಣಗಾಗಿತ್ತು.

ಅದನ್ನು ಮತ್ತೆ ಬಿಸಿ ಮಾಡುವುದು ಹೇಗೆಂದು ಬಡಗಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಈ ರೈತನಿಗೂ ಇವನ ತಮ್ಮನಿಗೂ ಹಿರಿಯರು ಬಿಟ್ಟುಹೋದ ಬಾವಿಯ ನೀರಿನ ಸರದಿಗಾಗಿ ಜಗಳವಾಗಿ ಏಳು ವರ್ಷದಿಂದ ಮಾತಿರಲಿಲ್ಲ.

“ನಿಮ್ಮ ತಮ್ಮ ನಿನ್ನೆ ಈ ಕಡೆ ಬಂದಿದ್ರು ಗೌಡ್ರೇ” ಎಂದ ಬಡಗಿ.

“ಅವನ ಸುದ್ದಿ ನನಗ್ಯಾಕೆ?”

“ನಾನೂ ಬೇಡ ಅಂದೆ. ಕೇಳಬೇಕಲ್ಲ. ‘ನಮ್ಮಣ್ಣ ಕೋವಿ ಹಿಡಿಯೋದು ಲಟ್ಟಣಿಗೆ ಹಿಡಿದ ಹಾಗೆ. ಹಂದಿ ಹೆದರೋದಿಲ್ಲ, ರೊಟ್ಟಿ ಹೆದರಬೇಕು’ ಅಂತ ಹತ್ತು ಜನರ ಎದುರು ಹೇಳಿ ನಗಿಸಿದ್ರು.”

ರೈತನ ಬೆರಳುಗಳ ನಡುವಿನಿಂದ ಮಣ್ಣು ಉಬ್ಬಿ ಬಂತು.

“ಬಿಡಿ ಬಿಡಿ! ಸಾಕು!” ಎಂದು ಬಡಗಿ ಕೂಗಿ ಅಚ್ಚನ್ನು ತೆಗೆದುಕೊಂಡ. ಆಮೇಲೆ ಕೈಮುಗಿದು, “ತಪ್ಪಾಯ್ತು ಗೌಡ್ರೇ, ಅಚ್ಚಿಗೋಸ್ಕರ ಕಟ್ಟಿದ ಮಾತು. ನಿಮ್ಮ ತಮ್ಮ ಬಂದೂ ಇಲ್ಲ, ಹಾಗಂದೂ ಇಲ್ಲ” ಎಂದ. ರೈತ ಅವನ ಮುಖ ನೋಡಿದ. ನಕ್ಕುಬಿಟ್ಟ. “ಒಳ್ಳೇ ಆಸಾಮಿ ಕಣಯ್ಯ ನೀನು” ಎಂದು, ಮಜ್ಜಿಗೆಯನ್ನು ತಾನೇ ಕೇಳಿ ಕುಡಿದು ಹೋದ.

ಹೊಸ ಹಿಡಿ ಚೆನ್ನಾಗಿ ಬಂತು. ಆ ಸುಗ್ಗಿಯಲ್ಲಿ ರೈತನ ಗುರಿ ಒಮ್ಮೆಯೂ ತಪ್ಪಲಿಲ್ಲ. ಸುದ್ದಿ ಹಬ್ಬಿತು. ಸಮಾಧಾನದ ಹಿಡಿ ಇದ್ದವರೆಲ್ಲ ಅದನ್ನು ಒಲೆಗೆ ಹಾಕಿ ಸಿಟ್ಟಿನ ಹಿಡಿ ಕೇಳಿಕೊಂಡು ಬಂದರು. ಬಡಗಿ ಒಬ್ಬೊಬ್ಬರ ಹುಣ್ಣು ಎಲ್ಲಿದೆಯೆಂದು ವಿಚಾರಿಸಿ ತಿಳಿದುಕೊಂಡ. ಒಬ್ಬನಿಗೆ ಅಳಿಯನ ಹೆಸರು ಸಾಕು. ಇನ್ನೊಬ್ಬನಿಗೆ ಪಕ್ಕದ ಹೊಲದ ಬದುವಿನ ಮಾತೆತ್ತಬೇಕು. ಕೊಟ್ಟಿಗೆಯಲ್ಲಿ ದಿನವೂ ಕೂಗಾಟ. “ದೇವರ ಗೂಡಿನ ಮುಂದೆ ಇಷ್ಟು ಬೈಗುಳ ನಮ್ಮ ಮಾವನ ಕಾಲದಲ್ಲಿ ಕೇಳಿರಲಿಲ್ಲ” ಎಂದಳು ಹೆಂಡತಿ. “ಬೈಗುಳ ಇಲ್ಲೇ ಉಳಿಯುತ್ತೆ, ಹಿಡಿ ಮಾತ್ರ ಹೋಗುತ್ತೆ” ಎಂದ ಬಡಗಿ. ಅವನು ಅದನ್ನು ನಂಬಿಯೇ ಹೇಳಿದ್ದ.

ಮುಂದಿನ ಬೆಳೆ ತೆನೆಗಟ್ಟುತ್ತಿದ್ದಾಗ ಆ ರೈತ ಮತ್ತೆ ಬಂದ. ಈ ಸಲ ದೂರು ಹೇಳಲು ಬಂದಿರಲಿಲ್ಲ. ದಾರಿಯಲ್ಲಿ ಸಿಕ್ಕಿದ ಕೊಟ್ಟಿಗೆಗೆ ಸುಮ್ಮನೆ ಹೊಕ್ಕಿದ್ದ. ಮೈ ಇಳಿದಿತ್ತು. ಹಿಡಿ ಹೇಗಿದೆ ಎಂದು ಬಡಗಿ ಕೇಳಿದ.

“ಹಿಡಿಗೇನು, ಬಂಗಾರ. ಆದರೆ ಸುಮ್ಮನೆ ಕೂತಿದ್ದಾಗ ಒತ್ತುತ್ತೆ. ಹೊಲ ಕಾಯೋಕೆ ಅಟ್ಟಣೆ ಮೇಲೆ ಹೊತ್ತೆಲ್ಲ ಅದನ್ನ ಹಿಡಿದು ಕೂರಬೇಕಲ್ಲ. ಅದಕ್ಕೆ ಒಂದು ದಾರಿ ಕಂಡುಕೊಂಡಿದ್ದೀನಿ. ಏನಾದರೂ ನೆನೆದು ಸಿಟ್ಟು ತಂದುಕೊಂಡರೆ ಕೈ ತಾನಾಗಿ ಕೂರುತ್ತೆ.”

“ಏನನ್ನು ನೆನೀತೀರಿ?”

“ಮತ್ತಿನ್ನೇನು? ನೀವು ಹೇಳಿದ್ದನ್ನೇ. ಲಟ್ಟಣಿಗೆ ಮಾತು.”

“ಅದು ಸುಳ್ಳು ಅಂತ ಅವತ್ತೇ ಹೇಳಿದ್ನಲ್ಲ ಗೌಡ್ರೇ!”

“ಗೊತ್ತು” ಎಂದ ರೈತ. “ಸುಳ್ಳು ಅಂತ ಗೊತ್ತು. ಆದರೂ ಕೈ ಕೂರುತ್ತಲ್ಲ.”

ಅವನು ಹೋದ ಮೇಲೆ ಬಡಗಿ ಉಳಿಯನ್ನು ಕೆಳಗಿಟ್ಟ. ದೇವರ ಗೂಡಿನ ಮುಂದೆ ಬಹಳ ಹೊತ್ತು ಕುಳಿತ. “ಸ್ವಾಮೀ, ಕೈಗೆ ಹೊಂದುವ ಕೆಲಸ ನನ್ನಿಂದ ಮಾಡಿಸು ಎಂದು ದಿನವೂ ಬೇಡಿಕೊಂಡೆ. ಯಾವ ಕೈಗೆ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದುಕೊಂಡ. ಆ ರೈತನ ರಾಗಿಯ ಹೊಲದ ಬದುವಿನಾಚೆಗೇ ತಮ್ಮನ ಹೊಲ ಎಂಬುದು ಅವನಿಗೆ ನೆನಪಿತ್ತು. ಅಣ್ಣ ದಿನವೂ ತುಂಬಿದ ಕೋವಿ ಹಿಡಿದು ಅದರೆದುರು ಕೂರುತ್ತಾನೆ. ಕೂತು ತಮ್ಮನನ್ನೇ ನೆನೆಯುತ್ತಾನೆ.

ಮರುದಿನ ಬೆಳಗಾಗುತ್ತಲೇ ಬಡಗಿ ತಮ್ಮನ ಮನೆಗೆ ಹೋದ. ನಡೆದದ್ದನ್ನೆಲ್ಲ ಒಪ್ಪಿಸಿದ. ತಮ್ಮ ಕೇಳಿ ತಲೆ ಚಚ್ಚಿಕೊಂಡ.

“ಆಚಾರ್ರೇ, ನಾನು ಅವನನ್ನ ಬೈದಿಲ್ಲ ಅಂತಲ್ಲ. ಇದಕ್ಕಿಂತ ಕೆಟ್ಟದ್ದನ್ನೇ ಅಂದಿದ್ದೀನಿ. ಆದರೆ ಅಂದಿದ್ದಕ್ಕೆ ನಾನು ತಲೆ ಕೊಡ್ತೀನಿ, ಅನ್ನದೇ ಇದ್ದಿದ್ದಕ್ಕೆ ಯಾಕೆ ಕೊಡಲಿ? ನಡೀರಿ, ನಾನೇ ಬಂದು ಹೇಳ್ತೀನಿ.”

“ಚಿಕ್ಕಗೌಡ್ರೇ, ಮೊದಲು ನಾನು ಹೋಗಿ ಆ ಹಿಡಿ ಬಿಚ್ಚಿಸ್ತೀನಿ. ಕರೆದ ಮೇಲೆ ಬನ್ನಿ. ಅಲ್ಲೀತನಕ ಬದು ದಾಟಬೇಡಿ.”

ಆಗಲಿ ಎಂದ ತಮ್ಮ.

ರೈತ ಅಟ್ಟಣೆಯ ಮೇಲೆ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬಡಗಿ ಹತ್ತಿ ಪಕ್ಕದಲ್ಲಿ ಕುಳಿತ. ಬಾರು ಸಡಿಲವಾಗಿರಬಹುದು, ಒಂದು ದಿನದ ಮಟ್ಟಿಗೆ ಹಿಡಿ ಕೊಡಿ ಎಂದ. ಬಾರು ಗಟ್ಟಿಯಾಗಿಯೇ ಇದೆ ಎಂದ ರೈತ. ಬಡಗಿ ಮತ್ತೆ ಕೇಳಿದ. ರೈತನ ಕಣ್ಣು ಆಗಲೇ ಬದುವಿನ ಮೇಲಿತ್ತು. ಇಷ್ಟು ವರ್ಷ ಕಾದಿದ್ದ ತಮ್ಮನಿಗೆ ಇನ್ನೊಂದು ಗಳಿಗೆ ಕಾಯಲಾಗಿರಲಿಲ್ಲ. ಬದು ದಾಟಿ, ಎರಡು ಕೈಯನ್ನೂ ಬಿಡಿಸಿ ತೋರಿಸುತ್ತಾ ಬರುತ್ತಿದ್ದ.

ರೈತ ಕೋವಿ ಎತ್ತಿದ. ಕೈ ಹಿಡಿಯ ಮೇಲೆ ಕೂತಿತು.

ಬಡಗಿ ಅದನ್ನು ಒಂದು ಮೊಳದ ದೂರದಿಂದ ಕಂಡ. ಗೆಣ್ಣಿಗೆ ಗೆಣ್ಣು, ಬೆರಳಿಗೆ ಬೆರಳು. ಮರಕ್ಕೂ ಮಾಂಸಕ್ಕೂ ನಡುವೆ ಒಂದು ಕೂದಲು ತೂರುವಷ್ಟೂ ಸಂದಿಲ್ಲ. ಉಳಿ ಹಿಡಿದಾಗಿನಿಂದ ಅವನು ಇಂಥ ಹೊಂದಿಕೆಗಾಗಿಯೇ ಕೆತ್ತಿದ್ದ. ಇದುವರೆಗೆ ಒಮ್ಮೆಯೂ ಕಂಡಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಬರುತ್ತಿದ್ದ ಮನುಷ್ಯನನ್ನು ಮರೆತು, ಅವನು ತನ್ನ ಕೆಲಸವನ್ನು ಮೆಚ್ಚಿದ.

ಆಮೇಲೆ ಸೊಂಟದ ಉಳಿ ಕಿತ್ತು ಬಾರನ್ನು ಕೊಯ್ದ. ಹಿಡಿ ಎರಡು ಹೋಳಾಗಿ ಬಿತ್ತು. ಕೈ ಜಾರಿತು, ಕೋವಿ ಸಿಡಿಯಿತು. ಎದೆಗೆ ಹೊರಟ ಗುಂಡು ತಮ್ಮನ ಭುಜವನ್ನು ಹರಿದುಕೊಂಡು ಹೋಯಿತು.

“ಅಣ್ಣಾ” ಎಂದು ಕೂಗಿ ಅವನು ಬಿದ್ದ. ಅಟ್ಟಣೆಯಿಂದ ಮೊದಲು ಧುಮುಕಿದವನು ಅಣ್ಣನೇ. ಮೊದಲು ಹೋಗಿ ಮುಟ್ಟಿದವನೂ ಅವನೇ. ಗಾಯದ ಮೇಲೆ ಅಂಗೈಯೊತ್ತಿ ರಕ್ತ ನಿಲ್ಲುವ ತನಕ ಬಿಡಲಿಲ್ಲ. ಆ ಹಿಡಿತಕ್ಕೆ ಯಾರೂ ಅಚ್ಚು ತೆಗೆದಿರಲಿಲ್ಲ.

ದೇವರು ದೊಡ್ಡವನು, ತಮ್ಮ ಬದುಕಿದ. ಆದರೆ ಆ ತೋಳು ಮತ್ತೆ ಮೇಲೇಳಲಿಲ್ಲ. ಬಾವಿಯ ನೀರನ್ನು ಅಲ್ಲಿಂದ ಮುಂದೆ ಅಣ್ಣನೇ ಎರಡು ಹೊಲಕ್ಕೂ ಹಾಯಿಸಿದ. ಬಡಗಿ ಮನೆಮನೆಗೆ ನಡೆದು ತಾನು ಕೊಟ್ಟ ಸಿಟ್ಟಿನ ಹಿಡಿಗಳನ್ನೆಲ್ಲ ಬೇಡಿದ. ಕೆಲವರು ಕೊಟ್ಟರು. ಕೆಲವರು, ಕೆಲಸ ಬಾರದವನು ಎಂದು ನಕ್ಕು ಕಳಿಸಿದರು. ಕೊಡದವರ ಮನೆಗೆ ಅವನು ಮರುವರ್ಷವೂ ಹೋದ, ಅದರ ಮರುವರ್ಷವೂ ಹೋದ. ಆ ಒಂದು ಉಸಿರಿನ ಹೊತ್ತಿನ ವಿಷಯವನ್ನು ಸಾಯುವ ತನಕ ಯಾರಿಗೂ ಹೇಳಲಿಲ್ಲ. ದೇವರ ಮುಂದೆ ಮಾತ್ರ ದಿನಕ್ಕೊಂದು ಸಲ ಹೇಳುತ್ತಿದ್ದ.

ಕತೆ ಮುಗಿಯಿತು. ಮರುಳಯ್ಯ ಕೇಳಿದ: “ಹಾಗಾದರೆ ಬುದ್ಧೀ, ಆಮೇಲೆ ಹಂದಿಗಳು?”

“ಬಂದವು. ಕೆಲವು ವರ್ಷ ರಾಗಿ ಉಳಿಯಿತು, ಕೆಲವು ವರ್ಷ ಉಳಿಯಲಿಲ್ಲ.”

“ಮತ್ತೆ ನಾನು ಕೇಳಿದ ಮಂತ್ರ?”

ಗುರುಗಳು ಅವನ ಕಡೆ ತಿರುಗಿದರು.

“ಸಿಟ್ಟಿಗೆ ಹೊಂದುವ ಮಂತ್ರವೂ ನನ್ನಲ್ಲಿದೆ ಮಗು, ಈಗಲೇ ಕೊಡುತ್ತೇನೆ, ಅದು ನಾಲಿಗೆಯ ಮೇಲೆ ಕೂರಲೆಂದು ದಿನವೂ ನೀನು ಯಾರನ್ನು ನೆನೆದು ಸಿಟ್ಟು ತಂದುಕೊಳ್ಳುವೆ, ಆ ಹೆಸರೊಂದನ್ನು ಮೊದಲು ಹೇಳು.”