ನೀರು ಎಲ್ಲಿದೆ?

"ಗುರುಗಳೇ, ದಯೆ ಎಂದರೇನು ಎಂದು ಇವತ್ತು ಎಲ್ಲರೆದುರು ಕೇಳಿದಿರಿ. ಒಂದು ಮಾತೂ ತಪ್ಪದಂತೆ ಹೇಳಿದೆ. ಕೂತವರೆಲ್ಲ ತಲೆದೂಗಿದರು. ನೀವೊಬ್ಬರೇ ಭೇಷ್ ಅನ್ನಲಿಲ್ಲ. ಏಕೆ?"

ಸಭೆ ಮುಗಿದಿತ್ತು. ಮಠದ ಕಟ್ಟೆಯ ಮೇಲೆ ಹೊರೆ ಇಳಿಸಿ ಕೂತಿದ್ದ ಹೆಂಗಸೂ ಎದ್ದು ಹೋಗಿದ್ದಳು. ಗುರುಗಳು ಶಿಷ್ಯನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಇನ್ನೂ ಶಾಲೆಗೆ ಹೋಗದ ಒಂದು ಮಗು. ಬೇಗ ಜಾಣನಾಗಲಿ ಎಂದು ಪಟ್ಟಣದಿಂದ ಮಾತಾಡುವ ಆಟಿಕೆ ತಂದ. ಬ್ಯಾಟರಿ ಹಾಕಿದ ಹಲಗೆ, ಅದರ ತುಂಬ ಚಿತ್ರಗಳು. "ಆನೆ ಎಲ್ಲಿದೆ?" ಎಂದು ಅದು ಕೇಳುತ್ತದೆ. ಆನೆಯನ್ನು ಒತ್ತಿದರೆ "ಆನೆ. ಶಭಾಷ್" ಅನ್ನುತ್ತದೆ. ಮಗು ಚುರುಕು, ಎಲ್ಲ ಚಿತ್ರಗಳನ್ನೂ ಬಲುಬೇಗ ಕಲಿಯಿತು. ಅಪ್ಪನ ಕಾಲು ನೆಲದ ಮೇಲೆ ನಿಲ್ಲದಾಯಿತು.

ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ನೀರಿನ ತಂಬಿಗೆಯನ್ನು ಮನೆಯ ಕಿರಿಯ ಕೂಸೇ ತಂದುಕೊಡಬೇಕು. ಅರ್ಧ ಚೆಲ್ಲಿದರೂ ಯಾರೂ ಬೈಯುವುದಿಲ್ಲ. ಈ ಮನೆಯಲ್ಲಿ ಮಾತ್ರ ತಂಬಿಗೆಯನ್ನು ವ್ಯಾಪಾರಿಯ ಹೆಂಡತಿ ತರುತ್ತಿದ್ದಳು, ಕೂಸು ಆಟಿಕೆ ತರುತ್ತಿತ್ತು. ನೀರು ಎಲ್ಲಿದೆ ತೋರಿಸು ಎಂದರೆ ನೀರಿನ ಚಿತ್ರ ಒತ್ತುತ್ತಿತ್ತು. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಬೆಲ್ಲ ತಿಂದ ಮೇಲೆ ಹೊಗಳದೆ ಇರಲಾದೀತೇ?

ವ್ಯಾಪಾರಿಯ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಒಮ್ಮೆ ಮಗನನ್ನು ಕರೆದು, "ಕೂಸಿನ ಕೈಯಾಗ ತಂಬಿಗಿ ಕೊಡಪಾ. ಬಾಯಾರಿ ಬಂದವರ ಮಾರಿ ನೋಡೂದು ಕಲೀಲಿ" ಅಂದಳು.

"ತಂಬಿಗಿ ಹೊರೂದು ಯಾರರ ಕಲೀತಾರ, ಬಿಡವ್ವಾ" ಅಂದ ಮಗ. "ಇದು ಎಲ್ಲಾರಿಗೂ ಬರೂದಿಲ್ಲ."

ಒಂದು ದಿನ ಬೀಗರು ಬಂದಿದ್ದರು. ಮನೆಯವರೆಲ್ಲ ಪಡಸಾಲೆಯಲ್ಲಿದ್ದರು. ಒಳಕೋಣೆಯಲ್ಲಿ ಮುದುಕಿ, ಅವಳ ಬಳಿ ಮಗು. ಮುದುಕಿ ಖಡಕ್ ರೊಟ್ಟಿ ತಿನ್ನುತ್ತಿದ್ದಳು. ಒಂದು ಚೂರು ಗಂಟಲಿಗೆ ಸಿಕ್ಕಿತು. ಕೂಗಲು ದನಿ ಏಳಲಿಲ್ಲ, ಪಿಸುಮಾತಷ್ಟೇ ಹೊರಟಿತು. ತಂಬಿಗೆ ಮಗುವಿನ ಕಾಲ ಬಳಿಯೇ ಇತ್ತು, ಮುದುಕಿಯ ಕೈಗೆ ಎಟುಕುತ್ತಿರಲಿಲ್ಲ. "ನೀರು" ಎಂದಳು.

ಮಗು ಆಟಿಕೆ ಎತ್ತಿಕೊಂಡು ನೀರಿನ ಚಿತ್ರ ಒತ್ತಿತು. "ನೀರು. ಶಭಾಷ್" ಎಂದಿತು ಆಟಿಕೆ. ಮುದುಕಿ ಕೈ ಚಾಚಿ ಮತ್ತೆ "ನೀರು" ಎಂದಳು. ಮಗು ಮತ್ತೆ ಒತ್ತಿತು.

ಪಡಸಾಲೆಗೆ ಆ ಸದ್ದು ಕೇಳಿಸಿತು. "ನೋಡ್ರಿ, ಯಾರೂ ಹೇಳದನ ಕಲ್ಯಾಕಹತ್ತೈತಿ" ಎಂದ ವ್ಯಾಪಾರಿ. ಬೀಗರು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಹಿಗ್ಗಿದ ಮಗು ಒತ್ತುತ್ತಲೇ ಇತ್ತು.

ಅವರು ಒಳಗೆ ಹೋದಾಗ ಮುದುಕಿಯ ಪ್ರಾಣ ಹೋಗಿತ್ತು. ತಂಬಿಗೆ ತುಂಬಿದಂತೆಯೇ ಇತ್ತು. ಮಗು ಆಟಿಕೆಯನ್ನು ಅಜ್ಜಿಯ ಮುಖದೆದುರು ಹಿಡಿದು, ಅವಳೂ ಚಪ್ಪಾಳೆ ತಟ್ಟಲೆಂದು ಕಾಯುತ್ತಿತ್ತು.

ಶಿಷ್ಯನ ಕಣ್ಣು ತುಂಬಿತು. "ಅಷ್ಟು ಚಿಕ್ಕ ಮಗು, ಗುರುಗಳೇ. ಅದಕ್ಕೇನು ತಿಳಿದೀತು?" ಎಂದ.

ಗುರುಗಳು ಬರಿದಾದ ಕಟ್ಟೆಯ ಕಡೆ ನೋಡಿ ಕೇಳಿದರು: "ನೀನು ದಯೆಯ ಮಾತು ಹೇಳುತ್ತಿದ್ದಾಗ ಅಲ್ಲಿ ಕೂತು ನೀರು ಕೇಳಿದವಳು ಯಾವಾಗ ಎದ್ದುಹೋದಳು?"