ಮೊಟ್ಟೆಯ ಪಕ್ಕದ ಬಿಳಿಕಲ್ಲು

ಒಂದು ಕುರುಚಲು ಕಾಡಿನಲ್ಲಿ ಒಂದು ಹೊಳೆ ಇತ್ತು. ಬೇಸಿಗೆ ಬಂದರೆ ಅದು ಸೊರಗಿ, ಒಂದು ಬದಿಗೆ ಸರಿದು ಹರಿಯುತ್ತಿತ್ತು. ಉಳಿದ ಜಾಗವೆಲ್ಲ ಬೂದು ಬಣ್ಣದ ನುರುಜುಗಲ್ಲು. ಆ ಕಲ್ಲುಗಳ ನಡುವೆ ಕೆಂಚ, ಕೆಂಚಿ ಎಂಬ ಟಿಟ್ಟಿಭ ಹಕ್ಕಿಗಳ ಜೋಡಿಯೊಂದು ಸಂಸಾರ ಹೂಡಿತ್ತು.

ಟಿಟ್ಟಿಭಕ್ಕೆ ಗೂಡು ಕಟ್ಟಲು ಬರುವುದಿಲ್ಲ. ಮರದ ಮೇಲೆ ಕೂರುವ ಅಭ್ಯಾಸವೂ ಇಲ್ಲ. ನೆಲದಲ್ಲೇ ಒಂದು ಚಿಕ್ಕ ಗುಳಿ ಕೆದರಿ ಮೊಟ್ಟೆ ಇಡುತ್ತದೆ. ಇದೇನು ಬುದ್ಧಿ ಎಂದು ನೀವು ಕೇಳಬಹುದು. ಬುದ್ಧಿ ಇರುವುದು ಮೊಟ್ಟೆಯ ಬಣ್ಣದಲ್ಲಿ. ಬೂದು ಮೈ, ಅದರ ಮೇಲೆ ಕಪ್ಪು ಚುಕ್ಕೆ. ಕಲ್ಲುಗಳ ನಡುವೆ ಇಟ್ಟರೆ ಅದೂ ಒಂದು ಕಲ್ಲೇ. ಸ್ವತಃ ಕೆಂಚಿಯೇ ದಡದ ಹೊಂಗೆ ಮರದಿಂದ ಹೆಜ್ಜೆ ಎಣಿಸಿಕೊಂಡು ಬಂದು ತನ್ನ ಮೊಟ್ಟೆ ಹುಡುಕಿಕೊಳ್ಳುತ್ತಿದ್ದಳು.

ಆದರೂ ಕೆಂಚಿಗೆ ಮರಿಗಳ ಭಾಗ್ಯ ಇರಲಿಲ್ಲ. ಮೊದಲ ವರ್ಷ ಕಾಡೆಮ್ಮೆಯ ಹಿಂಡು ನೀರಿಗೆ ಬಂದು ಮೊಟ್ಟೆಗಳ ಮೇಲೆಯೇ ನಡೆದುಹೋಯಿತು. ಎರಡನೆಯ ವರ್ಷ ಮೇಲೆಲ್ಲೋ ಮಳೆ ಸುರಿದು, ಇಲ್ಲಿ ಒಂದು ಹನಿಯೂ ಬೀಳದೆ ಹೊಳೆ ಉಕ್ಕಿತು. ನಾಲ್ಕು ಮೊಟ್ಟೆಗಳೂ ಕೊಚ್ಚಿಹೋದವು. ನೆರೆಯ ಹುಲ್ಲುಪೊದೆಯಲ್ಲಿದ್ದ ಗೌಜಲಹಕ್ಕಿ ಗೌಜಕ್ಕ ಮಾತ್ರ ಎರಡೂ ವರ್ಷ ಎಂಟೆಂಟು ಮರಿಗಳನ್ನು ಸಾಲಾಗಿ ನಡೆಸಿಕೊಂಡು ಓಡಾಡಿದಳು. ಕೆಂಚಿ ಅವನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚಿನಿಂದಲ್ಲ. ನೋಡಿದರೆ ಅಳು ಬರುತ್ತಿತ್ತು.

"ನನ್ನ ಹಣೇಲಿ ಬರೆದಿಲ್ಲ ಬಿಡು," ಎನ್ನುತ್ತಿದ್ದಳು.

ಮೂರನೆಯ ವರ್ಷ ಮತ್ತೆ ನಾಲ್ಕು ಮೊಟ್ಟೆ ಇಟ್ಟಳು.

ಅದೇ ಕಾಡಿನಲ್ಲಿ ಒಂದು ಮುದಿ ನರಿ ಇತ್ತು. ಅದಕ್ಕೆ ಮೊಟ್ಟೆ ಎಂದರೆ ಪ್ರಾಣ. ಆದರೆ ವಯಸ್ಸಾಗಿ ಮೂಗು ಮಂಕಾಗಿತ್ತು. ದಿನವಿಡೀ ಹೊಳೆಯ ಕಲ್ಲುಗಳ ಮೇಲೆ ಸುತ್ತಿದರೂ ಒಂದು ಮೊಟ್ಟೆ ಕಣ್ಣಿಗೆ ಬೀಳುತ್ತಿರಲಿಲ್ಲ. ಎಷ್ಟೋ ಸಲ ಮೊಟ್ಟೆಯ ಪಕ್ಕದಲ್ಲೇ ಕೂತು, "ಈ ವರ್ಷ ಹಕ್ಕಿಗಳೇ ಮೊಟ್ಟೆ ಇಟ್ಟಿಲ್ಲ," ಎಂದು ಮರುಗಿ ಎದ್ದುಹೋಗಿತ್ತು. ಹಸಿವು ಬುದ್ಧಿ ಕಲಿಸುತ್ತದೆ. ನರಿಗೂ ಒಂದು ಉಪಾಯ ಹೊಳೆಯಿತು.

ಅದು ಗುಡ್ಡದ ಬುಡದಿಂದ ಹಾಲಿನಂತೆ ಬೆಳ್ಳಗಿದ್ದ ಬೆಣಚುಕಲ್ಲುಗಳನ್ನು ಆರಿಸಿ ತಂದಿತು. ಹೊಂಗೆ ಮರದ ಕೆಳಗೆ ರಾಶಿ ಹಾಕಿತು. ಹಣೆಗೆ ಬೂದಿ ಬಳಿದುಕೊಂಡು ಕಣ್ಣು ಮುಚ್ಚಿ ಕುಳಿತಿತು. ಕೇಳಿದವರಿಗೆ ತನ್ನ ಹೆಸರು ಶಕುನದಯ್ಯ ಎಂದು ಹೇಳಿತು.

ಕೆಂಚಿ ದೂರದಲ್ಲೇ ನಿಂತು ಕೇಳಿದಳು. "ಇದೇನು ಕಲ್ಲು, ಅಯ್ಯನವರೇ?"

"ಅದೃಷ್ಟದ ಕಲ್ಲಮ್ಮ," ಎಂದಿತು ನರಿ. "ಇದು ಮೊಟ್ಟೆ ಪಕ್ಕ ಇದ್ದರೆ ಕಾಡೆಮ್ಮೆ ಕಾಲು ಅತ್ತ ಬೀಳೋದಿಲ್ಲ. ಹೊಳೆ ನೀರು ಇತ್ತ ಬರೋದಿಲ್ಲ. ಎರಡು ವರ್ಷ ನೊಂದಿದ್ದೀಯ ಅಂತ ಕಾಣ್ತದೆ."

ಎರಡು ವರ್ಷದ ವಿಷಯ ಇದಕ್ಕೆ ಹೇಗೆ ಗೊತ್ತಾಯಿತು ಎಂದು ಕೆಂಚಿ ಬೆರಗಾದಳು. ಅವಳೇ ದಿನವೂ ಗೌಜಕ್ಕನ ಹತ್ತಿರ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದುದು ಅವಳಿಗೆ ನೆನಪಾಗಲಿಲ್ಲ.

"ಇದಕ್ಕೆ ಏನು ಕೊಡಬೇಕು?"

"ಏನೂ ಬೇಡ. ನಿನ್ನ ಮರಿ ನೋಡಿದರೆ ನನ್ನ ಹೊಟ್ಟೆ ತುಂಬ್ತದೆ."

ಈ ಕೊನೆಯ ಮಾತನ್ನು ನರಿ ಬಹಳ ಪ್ರಾಮಾಣಿಕವಾಗಿಯೇ ಹೇಳಿತು.

ಕೆಂಚಿ ನೆಲ್ಲಿಕಾಯಿ ಗಾತ್ರದ ಒಂದು ಕಲ್ಲನ್ನು ಕೊಕ್ಕಿನಲ್ಲಿ ಹಿಡಿದು ತಂದಳು. ಕೆಂಚ ತಲೆ ಓರೆ ಮಾಡಿ ನೋಡಿದ.

"ನಮ್ಮ ಅಪ್ಪ ಅಜ್ಜ ಯಾರೂ ಮೊಟ್ಟೆ ಪಕ್ಕ ಬೇರೆ ಬಣ್ಣ ಇಟ್ಟವರಲ್ಲ ಕಣೆ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಎರಡು ವರ್ಷ ನಿಮ್ಮ ಅಪ್ಪ ಅಜ್ಜನ ಬುದ್ಧಿ ನೋಡಿದ್ದಾಯ್ತು," ಎಂದಳು ಕೆಂಚಿ. "ಇದೊಂದನ್ನೂ ನೋಡೋಣ. ನನಗೂ ಏನಾದರೂ ಒಂದು ನಂಬಿಕೆ ಬೇಡವಾ?"

ಕೆಂಚ ಕಲ್ಲಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

ಕಲ್ಲು ಇಟ್ಟ ಮೇಲೆ ಕೆಂಚಿಯ ಮನಸ್ಸು ಹಗುರವಾಯಿತು. ಅದು ನಿಜವಾಗಿಯೂ ಹಗುರವಾಯಿತು, ಅದರಲ್ಲಿ ಸುಳ್ಳಿಲ್ಲ. ಮೊದಲು ನೀರು ಕುಡಿಯಲು ಹೋದರೂ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದವಳು ಈಗ ಗೌಜಕ್ಕನ ಪೊದೆಯ ಹತ್ತಿರ ಕೂತು ಹರಟೆ ಹೊಡೆದಳು. ಗಂಡನನ್ನೂ ಎಬ್ಬಿಸಿಕೊಂಡು ಹೋಗಿ ಹೊಳೆಯಾಚೆ ಹುಳ ಹೆಕ್ಕಿದಳು. "ಕಲ್ಲಿದೆಯಲ್ಲ" ಎನ್ನುವುದು ಅವಳ ಮಾತಿನ ರೂಢಿಯಾಯಿತು.

ಮೂರನೆಯ ದಿನ ಸಂಜೆ ಹೊಳೆಯಾಚೆಯಿಂದ ಬಂದು ಹೆಜ್ಜೆ ಎಣಿಸಿಕೊಂಡು ನಡೆದರೆ, ಕಲ್ಲು ಇತ್ತು. ಗುಳಿ ಖಾಲಿ.

ಕೆಂಚಿ ಅಳುತ್ತಾ ಹೊಂಗೆ ಮರದ ಕೆಳಗೆ ಓಡಿದಳು. ನರಿ ಆಗ ತಾನೇ ಬಾಯಿ ಒರೆಸಿಕೊಂಡು ಕೂತಿತ್ತು.

"ಕಲ್ಲನ್ನು ಮೊಟ್ಟೆಯ ಎಡಕ್ಕೆ ಇಟ್ಟೆಯೋ, ಬಲಕ್ಕೆ ಇಟ್ಟೆಯೋ?"

"ಎಡಕ್ಕೆ."

"ಅಯ್ಯೋ, ಕೆಲಸ ಕೆಡಿಸಿದೆ. ಬಲಕ್ಕೆ ಇಡಬೇಕಿತ್ತು. ಹೋಗಲಿ, ನಿನಗೆ ಇನ್ನೂ ದೊಡ್ಡ ಕಲ್ಲು ಕೊಡ್ತೀನಿ."

ತಪ್ಪು ತನ್ನದೇ ಎಂದು ಗೊತ್ತಾದಾಗ ಕೆಂಚಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಮುಂದಿನ ಸಲ ಬಲಕ್ಕೆ ಇಟ್ಟರೆ ಸರಿಹೋಗುತ್ತದಲ್ಲ. ನಿಂಬೆಹಣ್ಣಿನ ಗಾತ್ರದ ಕಲ್ಲನ್ನು ಕಾಲಿನಿಂದ ಉರುಳಿಸಿಕೊಂಡು ಬಂದಳು. ಅಷ್ಟು ದೂರ ತರಲು ಅವಳಿಗೆ ಅರ್ಧ ದಿನ ಹಿಡಿಯಿತು.

ಅಷ್ಟರಲ್ಲಿ ಹೊಳೆದಂಡೆಯ ಉಳಿದ ಹಕ್ಕಿಗಳೂ ಕಲ್ಲು ತೆಗೆದುಕೊಂಡು ಹೋದವು. ಗೌಜಕ್ಕನೂ ಹೋದಳು. ಇರುವ ಅದೃಷ್ಟದ ಜೊತೆಗೆ ಇನ್ನಷ್ಟು ಇದ್ದರೆ ಬೇಡವೇ? ನಾಲ್ಕೇ ದಿನದಲ್ಲಿ ಅವಳ ಎಂಟು ಮೊಟ್ಟೆಗಳೂ ಇಲ್ಲವಾದವು. ನರಿ ಅವಳಿಗೆ ಕಲ್ಲನ್ನು ತೊಳೆದು ಇಡಬೇಕಿತ್ತು ಎಂದು ಹೇಳಿತು. ಇನ್ನೊಬ್ಬಳಿಗೆ ತೊಳೆಯಬಾರದಿತ್ತು ಎಂದು ಹೇಳಿತು. ದಿನದಿಂದ ದಿನಕ್ಕೆ ಅದರ ಮೈ ಮಿರಮಿರ ಹೊಳೆಯತೊಡಗಿತು.

ಹದಿನೈದು ದಿನ ಕಳೆದ ಮೇಲೆ ಕೆಂಚಿ ಮತ್ತೆ ಗುಳಿ ಕೆದರಲು ಹೊರಟಳು. ಕೆಂಚ ಅವಳನ್ನು ದಡದ ಮೇಲಕ್ಕೆ ಕರೆದ. ಹೋದ ವರ್ಷದ ನೆರೆ ಬಿಟ್ಟುಹೋದ ಕಸಕಡ್ಡಿಯ ಗೆರೆ ಅಲ್ಲಿ ಇನ್ನೂ ಕಾಣುತ್ತಿತ್ತು.

"ನೀರು ಇಲ್ಲಿವರೆಗೆ ಬಂದಿತ್ತು. ಈ ಸಲ ಹತ್ತು ಹೆಜ್ಜೆ ಮೇಲೆ ಇಡೋಣ."

"ಎಲ್ಲಿಟ್ಟರೇನು, ಕಲ್ಲಿದೆಯಲ್ಲ," ಎಂದಳು ಕೆಂಚಿ. ಆದರೂ ಅಲ್ಲೇ ಇಟ್ಟಳು. ಮತ್ತೆ ನಾಲ್ಕು ಮೊಟ್ಟೆಗಳಾದವು. ಆ ಬೇಸಿಗೆಗೆ ಇವೇ ಕೊನೆಯವು. ಮಳೆಗಾಲ ಹತ್ತಿರವಾಗಿತ್ತು. ಇವೂ ಹೋದರೆ ಮತ್ತೆ ಒಂದು ವರ್ಷ ಖಾಲಿ ಗುಳಿ ನೋಡಿಕೊಂಡು ಕೂರಬೇಕು.

ಸಂಜೆ ಕೆಂಚಿ ದೊಡ್ಡ ಕಲ್ಲನ್ನು ಉರುಳಿಸಲು ಹೊರಟಾಗ ಕೆಂಚ ಅಡ್ಡ ನಿಂತ.

"ಇಡಬೇಡ ಅಂತ ನಾನು ಹೇಳೋದಿಲ್ಲ. ಇಡೋ ಮೊದಲು ಒಂದು ಸಲ ಮೇಲೆ ಹಾರು. ಹೊಂಗೆ ಮರಕ್ಕಿಂತ ಎತ್ತರ ಹೋಗಿ ಕೆಳಗೆ ನೋಡಿ ಬಾ. ಆಮೇಲೆ ನಿನ್ನಿಷ್ಟ."

ಕೆಂಚಿ ಹಾರಿದಳು. ಹೊತ್ತು ಮುಳುಗುತ್ತಿತ್ತು. ಕೆಳಗೆ ಹೊಳೆಯ ಪಾತ್ರವೆಲ್ಲ ಒಂದೇ ಬೂದು. ಅವಳು ಆಗ ತಾನೇ ಬಿಟ್ಟು ಬಂದ ನಾಲ್ಕು ಮೊಟ್ಟೆಗಳು ಅವಳ ಕಣ್ಣಿಗೇ ಕಾಣಲಿಲ್ಲ. ಆದರೆ ಆ ಬೂದಿನ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆಗಳು ಎದ್ದು ಹೊಳೆಯುತ್ತಿದ್ದವು. ಕೆಂಚಿ ಒಂದೊಂದೇ ಚುಕ್ಕೆಯ ಮೇಲೆ ಇಳಿದು ನೋಡಿದಳು. ಅದು ಗೌಜಕ್ಕನ ಕಲ್ಲು. ಪಕ್ಕದಲ್ಲಿ ಖಾಲಿ ಪೊದೆ. ಇದು ತನ್ನ ಹಳೆಯ ಕಲ್ಲು. ಪಕ್ಕದಲ್ಲಿ ಖಾಲಿ ಗುಳಿ. ಆರು ಕಲ್ಲುಗಳಿದ್ದವು. ಆರರ ಪಕ್ಕವೂ ಖಾಲಿ.

ಅವಳಿಗೆ ಎಲ್ಲವೂ ತಿಳಿಯಿತು. ನೋಡಬಾರದೆಂದೇ ಇಷ್ಟು ದಿನ ನೋಡಿರಲಿಲ್ಲ ಎಂಬುದೂ ತಿಳಿಯಿತು. ಕೆಳಗಿಳಿದು ಗಂಡನ ಪಕ್ಕದಲ್ಲಿ ಕೂತಳು.

"ಕಾಡೆಮ್ಮೆ ಬಂದದ್ದು ನನ್ನ ತಪ್ಪಲ್ಲ," ಎಂದಳು. "ನೀರು ಬಂದದ್ದೂ ನನ್ನ ತಪ್ಪಲ್ಲ. ಆದರೆ ಈ ಸಲ ಹೋದ ನಾಲ್ಕಕ್ಕೆ ನಾನೇ ಗುರುತು ಇಟ್ಟುಕೊಟ್ಟೆ."

"ಈಗ ಗುಳಿಯಲ್ಲಿರೋ ನಾಲ್ಕರ ಯೋಚನೆ ಮಾಡು," ಎಂದ ಕೆಂಚ.

ಬೆಳಿಗ್ಗೆ ಗಂಡನನ್ನು ಮೊಟ್ಟೆಗಳ ಮೇಲೆ ಕೂರಿಸಿ ಕೆಂಚಿ ಹೊಳೆಯ ಮಡುವಿನಲ್ಲಿದ್ದ ಮೊಸಳೆ ಕರಿಯವ್ವನ ಹತ್ತಿರ ಹೋದಳು. ಕರಿಯವ್ವನೂ ಬಾಣಂತಿಯಾಗುವ ಹೊತ್ತಿನಲ್ಲಿದ್ದಳು. ಮಡುವಿನ ದಂಡೆಯ ಮರಳಿನಲ್ಲಿ ಮೊಟ್ಟೆ ಹೂತಿಟ್ಟು, ನೀರಿನಲ್ಲಿ ಮೂಗು ಮಾತ್ರ ಮೇಲೆ ಮಾಡಿಕೊಂಡು ಎರಡು ತಿಂಗಳಿಂದ ಅಲ್ಲಿಂದ ಕದಲಿರಲಿಲ್ಲ. ಕೆಂಚಿ ಎಲ್ಲವನ್ನೂ ಹೇಳಿ, ಬಿಳಿಕಲ್ಲುಗಳನ್ನು ಅವಳ ಮರಳಿನ ಮೇಲೆ ಇಡಲು ಒಪ್ಪಿಗೆ ಕೇಳಿದಳು.

"ಕರಿಯವ್ವ, ನೀನು ಅದೃಷ್ಟ ನಂಬೋದಿಲ್ವಾ?"

"ನಂಬದೆ ಏನು? ಮರಳು ಹೆಚ್ಚು ಕಾದರೂ ಕಷ್ಟ, ಕಡಿಮೆ ಕಾದರೂ ಕಷ್ಟ. ಅದು ನನ್ನ ಕೈಲಿಲ್ಲ," ಎಂದಳು ಕರಿಯವ್ವ. "ಕಾಯೋದು ನನ್ನ ಕೈಲಿದೆ. ಅದನ್ನು ನಾನು ಮಾಡ್ತೀನಿ. ತಂದು ಹಾಕು ನಿನ್ನ ಕಲ್ಲನ್ನು. ನನಗೂ ಕೂತು ಕೂತು ಬೇಜಾರಾಗಿದೆ."

ಕೆಂಚಿ ಹೇಳಿದ್ದನ್ನು ಕೇಳಿ ಹಗಲೆಲ್ಲ ಹಕ್ಕಿಗಳು ಕಲ್ಲು ಸಾಗಿಸಿದವು. ಸಣ್ಣವನ್ನು ಕೊಕ್ಕಿನಲ್ಲಿ, ಕೆಂಚಿಯ ದೊಡ್ಡದನ್ನು ಕಾಲಿನಲ್ಲಿ. ಸಂಜೆಯ ಹೊತ್ತಿಗೆ ಏಳೂ ಬಿಳಿಕಲ್ಲುಗಳು ಕರಿಯವ್ವನ ಮರಳದಿಬ್ಬದ ಮೇಲೆ ಸಾಲಾಗಿ ಕೂತಿದ್ದವು.

ಹೊತ್ತು ಮುಳುಗುವಾಗ ನರಿ ಎಂದಿನಂತೆ ತಿರುಗಾಟಕ್ಕೆ ಹೊರಟಿತು. ಮಡುವಿನ ದಂಡೆಯ ಮೇಲೆ ಏಳು ಕಲ್ಲುಗಳನ್ನು ಒಟ್ಟಿಗೆ ಕಂಡಿತು. ಅದಕ್ಕೆ ಅನುಮಾನ ಬರಬೇಕಿತ್ತು. ಮಡುವಿನಲ್ಲಿ ಯಾರಿದ್ದಾರೆ ಎಂಬುದು ಕಾಡಿನ ಕೂಸಿಗೂ ಗೊತ್ತು. ಆದರೆ ಬೇರೆಯವರಿಗೆ ಅದೃಷ್ಟ ಹಂಚಿ ಹಂಚಿ ನರಿಗೆ ತನ್ನ ಅದೃಷ್ಟದ ಮೇಲೂ ನಂಬಿಕೆ ಬಂದುಬಿಟ್ಟಿತ್ತು.

"ಏಳು ಸಂಸಾರ ಒಂದೇ ಕಡೆ. ಈ ವರ್ಷ ನನ್ನ ಗ್ರಹಗತಿ ಚೆನ್ನಾಗಿದೆ," ಎಂದುಕೊಂಡಿತು.

ಮರಳಿಗೆ ಮುಂಗಾಲು ಹಾಕಿ ಬಗೆಯತೊಡಗಿತು. ಹಿಂದೆ ನೀರಿನಲ್ಲಿ ಒಂದು ಮರದ ದಿಮ್ಮಿ ತೇಲುತ್ತಿತ್ತು. ದಿಮ್ಮಿ ಮೆಲ್ಲಗೆ ದಂಡೆಗೆ ಬಂತು. ದಿಮ್ಮಿಗೆ ಬಾಯಿ ಇತ್ತು.

ನರಿಯ ಕೂಗು ಗುಡ್ಡದವರೆಗೆ ಕೇಳಿಸಿತು. ಅರ್ಧ ಬಾಲವನ್ನು ಕರಿಯವ್ವನ ಬಾಯಲ್ಲೇ ಬಿಟ್ಟು, ಕುಂಟುತ್ತಾ, ಹಣೆಯ ಬೂದಿಯೆಲ್ಲ ಬೆವರಿಗೆ ಇಳಿದು ಅದು ದಡ ಹತ್ತಿತು. ಹೊಂಗೆ ಮರದ ಹತ್ತಿರ ಕೆಂಚಿ ನಿಂತಿದ್ದಳು.

"ಶಕುನದಯ್ಯನವರೇ," ಎಂದು ಮೆಲ್ಲನೆ ಕೇಳಿದಳು, "ಕಲ್ಲು ನಿಮ್ಮ ಎಡಕ್ಕಿತ್ತಾ, ಬಲಕ್ಕಿತ್ತಾ?"

ನರಿ ಕುಂಟುತ್ತಲೇ ಗುಡ್ಡದ ಕಡೆ ಓಡಿತು. ಆಮೇಲೆ ಆ ಕಾಡಿನಲ್ಲಿ ಅದನ್ನು ಯಾರೂ ಕಾಣಲಿಲ್ಲ.

ನರಿ ಹೋಯಿತು ಎಂದ ಮಾತ್ರಕ್ಕೆ ಮೊಟ್ಟೆ ತಾನಾಗಿ ಒಡೆಯುವುದಿಲ್ಲ. ಕೆಂಚ, ಕೆಂಚಿ ಸರದಿಯ ಮೇಲೆ ಕೂತರು. ಬಿಸಿಲು ಏರಿದಾಗ ಹೊಳೆಗೆ ಓಡಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳಿಗೆ ತಂಪು ಕೊಟ್ಟರು. ಕಾಡೆಮ್ಮೆ ಬಂದ ದಿನ ಕೆಂಚ ಅದರ ಮೂಗಿನ ಮುಂದೆಯೇ ರೆಕ್ಕೆ ಬಡಿದು ಕೂಗಿ ಅದನ್ನು ಬೇರೆ ದಾರಿಗೆ ತಿರುಗಿಸಿದ. ಇಪ್ಪತ್ತಾರನೆಯ ದಿನ ಹೊಳೆ ಉಕ್ಕಿತು. ಹೋದ ವರ್ಷದ ಗೆರೆಯನ್ನೂ ದಾಟಿ ನೀರು ಮೇಲೆ ಬಂತು. ಕೆಂಚಿ ಮೊಟ್ಟೆಗಳ ಮೇಲೆ ಕೂತೇ ನೋಡುತ್ತಿದ್ದಳು. ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಎರಡು ಹೆಜ್ಜೆ ದೂರದಲ್ಲಿ ನೀರು ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಹಿಂದೆ ಸರಿಯಿತು.

ಮೂರು ಮರಿಗಳಾದವು. ನಾಲ್ಕನೆಯ ಮೊಟ್ಟೆ ಒಡೆಯಲೇ ಇಲ್ಲ. ಕೆಂಚಿ ಅದರ ಪಕ್ಕದಲ್ಲಿ ಇನ್ನೂ ಒಂದು ದಿನ ಕೂತಳು. ಆಮೇಲೆ ಎದ್ದು ಮೂರು ಮರಿಗಳ ಹಿಂದೆ ಹೋದಳು.

ದಾರಿಯಲ್ಲಿ ಗೌಜಕ್ಕ ಸಿಕ್ಕಳು. ಈ ವರ್ಷ ಅವಳ ಹಿಂದೆ ಸಾಲು ಇರಲಿಲ್ಲ. ಮರಿಗಳನ್ನು ನೋಡಿ ಅವಳ ಕಣ್ಣು ತುಂಬಿತು. ಆದರೆ ಮುಖ ತಿರುಗಿಸಿಕೊಳ್ಳಲಿಲ್ಲ.

"ಕೊನೆಗೂ ನಿನಗೆ ಅದೃಷ್ಟ ಬಂತು ನೋಡು ಕೆಂಚಿ," ಎಂದಳು.

"ಬಂತು ಗೌಜಕ್ಕ," ಎಂದಳು ಕೆಂಚಿ. "ಅದು ಬಂದಾಗ ನಾನು ಮೊಟ್ಟೆ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಬರೋ ವರ್ಷ ನೀನೂ ಕೂತಿರು. ನೀನು ನೀರಿಗೆ ಹೋದಾಗ ನಾನು ನೋಡ್ಕೋತೀನಿ."

ನೀತಿ: ಅದೃಷ್ಟ ಬರುವುದೂ ಬಾರದಿರುವುದೂ ನಮ್ಮ ಕೈಯಲ್ಲಿಲ್ಲ, ಆಸೆ ಇಟ್ಟುಕೊಂಡು, ಕಣ್ಣು ತೆರೆದು ಕಾಯುವುದು ನಮ್ಮ ಕೈಯಲ್ಲಿದೆ. ಅದೃಷ್ಟವನ್ನು ಪುಕ್ಕಟೆ ಹಂಚುವವನು ಸಿಕ್ಕರೆ ಮೊದಲು ಅವನ ಹೊಟ್ಟೆ ನೋಡಬೇಕು.