ಎಂಜಿನ್ನಿನ ನೆಲ, ಸರಪಳಿಯ ಕೂಲಿ

ಹಳಿಯ ಎರಡೂ ಬದಿಯ ಹುಲ್ಲುಗಾವಲನ್ನು ಸರ್ಕಾರ ರೈಲು ಎಂಜಿನ್ನಿಗೆ ಪುಕ್ಕಟೆಯಾಗಿ ಕೊಟ್ಟಿತು. ಅಳತೆಯ ಕೂಲಿ ಮಾತ್ರ ಎಂಜಿನ್ನೇ ಕೊಡಬೇಕಿತ್ತು. ಕಲ್ಲುಮುಳ್ಳಿನಲ್ಲಿ ಹೊರಳಿ ಅಳೆದು ಮುಗಿಸಿದ ಸರ್ವೆ ಸರಪಳಿ, ತುಕ್ಕು ಹಿಡಿದ ಮೈಗೆ ಒಂದು ಡಬ್ಬಿ ಎಣ್ಣೆ ಕೇಳಿತು.

"ಖಾತೆ ಇನ್ನೂ ನನ್ನ ಹೆಸರಿಗೆ ಆಗಿಲ್ಲ. ನನ್ನದಲ್ಲದ ನೆಲಕ್ಕೆ ನಾನೇಕೆ ಕೂಲಿ ಕೊಡಲಿ?" ಎಂದಿತು ಎಂಜಿನ್. ಮೂರು ವರ್ಷವೂ ಇದೇ ಉತ್ತರ.

ಒಂದು ದಿನ ಅಲ್ಲಿ ಎಮ್ಮೆಯೊಂದು ಮೇಯುತ್ತಿತ್ತು. "ಇದು ನನ್ನ ನೆಲ, ಆಚೆ ನಡಿ!" ಎಂದು ಎಂಜಿನ್ ಅಬ್ಬರಿಸಿತು.

ಎಮ್ಮೆ ತಲೆಯೆತ್ತಿ, "ನಿಮ್ಮದೇ ಆದರೆ ಸರಪಳಿಯಕ್ಕನಿಗೆ ಎಣ್ಣೆ ಕೊಡಿ, ಹೊರಡುತ್ತೇನೆ. ನಿಮ್ಮದಲ್ಲದಿದ್ದರೆ ಸುಮ್ಮನೆ ಹೋಗಿ ಸ್ವಾಮಿ, ಮೇಯುತ್ತೇನೆ," ಎಂದಿತು.

ಎಂಜಿನ್ ಬಹಳ ಹೊತ್ತು ಹಬೆ ಬಿಡುತ್ತ ನಿಂತು, ಕೊನೆಗೆ ಎಣ್ಣೆ ಡಬ್ಬಿ ಇಳಿಸಿತು. ಅಷ್ಟರಲ್ಲಿ ಎಮ್ಮೆಯ ಹೊಟ್ಟೆಯೂ ತುಂಬಿತ್ತು.